ಗಾದಿಲಿಂಗಪ್ಪನ ಮೊಳ

ಪುರಸಭೆಯ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಕನಕಪ್ಪನೆಂದರೆ ನಮ್ಮ ಓಣಿಯವರಿಗೆ ಅಷ್ಟಕ್ಕಷ್ಟೇ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಕಾಲುವೆ ನೀರಿಗೆ ಭತ್ತ ಕೈಹಿಡಿದು, ಗಂಗಾವತಿಯಲ್ಲಿ ಎಲ್ಲರಿಗೂ ಮನೆ ಕಟ್ಟುವ ಹುಚ್ಚು. ಈತ ಅಳವಂಡಿ ಕಡೆಯ ರೈತರ ಮಗ, ಸಿವಿಲ್ ಡಿಪ್ಲೊಮಾ ಓದಿದವನು. ಎಲ್ಲಿ ಬುನಾದಿ ತೋಡಿದರೂ ಅಲ್ಲಿ ಸೈಕಲ್ ನಿಲ್ಲಿಸಿ ಕಿಸೆಯಿಂದ ಟೇಪು ಎಳೆಯುತ್ತಿದ್ದ. ಟೇಪಪ್ಪ ಎಂದು ನಾವೇ ಹೆಸರಿಟ್ಟೆವು. ಲಂಚ ತಿನ್ನುವವನಾಗಿದ್ದರೆ ಸುಲಭವಿತ್ತು. ಈ ಪುಣ್ಯಾತ್ಮ ಚಹಾ ಕೂಡ ಮುಟ್ಟುತ್ತಿರಲಿಲ್ಲ.

ಅಂಥವನು ಒಂದು ಬೆಳಿಗ್ಗೆ ನಮ್ಮ ಪಕ್ಕದ ಹಂಪವ್ವನ ಹೊಸ ಮನೆಯೆದುರು ಬಂದು ನಿಂತ. ಅವಳ ಗಂಡ ಗಾದಿಲಿಂಗಪ್ಪ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ನಕ್ಷೆ ಮಾಡಿಸಿ, ಪರವಾನಗಿ ತಂದು, ಕಟ್ಟಲು ಕೈಹಾಕುವ ಮೊದಲೇ ಹೋಗಿಬಿಟ್ಟ. ಈಗ ಮುಂದಿನ ಗೋಡೆ ಎದೆಮಟ್ಟ ಎದ್ದಿತ್ತು. ಹಿಂದಿನದು ಇನ್ನೂ ಬುನಾದಿಯಲ್ಲೇ ಇತ್ತು.

ಕನಕಪ್ಪ ಅಳೆದ. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದ.

“ಮುಂದಿನ ಗ್ವಾಡಿ ಒಂದು ಗೇಣು ಓಣಿಯೊಳಗ ಬಂದೈತಿ. ಒಡೀಬೇಕಾಗತೈತ್ರಿ,” ಎಂದ.

ಗೋಡೆ ಕಟ್ಟುತ್ತಿದ್ದ ಗೌಂಡಿ ಹುಚ್ಚೀರಪ್ಪ ತಲೆ ಕೆರೆದುಕೊಂಡ. ತಪ್ಪು ಎಲ್ಲಿಯದೆಂದು ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಮನೆಯನ್ನು ಆಯ, ಅಂದರೆ ಒಳಿತು ತರುವ ಅಳತೆ, ನೋಡಿ ಕಟ್ಟುತ್ತಾರೆ. ಯಜಮಾನನ ಮೊಳಕೈಯಿಂದ ನಡುಬೆರಳ ತುದಿಯವರೆಗೆ ಒಂದು ಕೋಲು ಕತ್ತರಿಸಿ, ಮನೆಯನ್ನೆಲ್ಲ ಆ ಕೋಲಿನಲ್ಲೇ ಅಳೆಯುತ್ತಾರೆ. ನಕ್ಷೆ ಬರೆದವನು ಮೊಳಕ್ಕೆ ಒಂದೂವರೆ ಅಡಿ ಎಂದು ಲೆಕ್ಕ ಹಿಡಿದಿದ್ದ. ಬದುಕಿದ್ದಾಗಲೇ ತನ್ನ ಕೈಯಳತೆಗೆ ಕೋಲು ಕತ್ತರಿಸಿಟ್ಟಿದ್ದ ಗಾದಿಲಿಂಗಪ್ಪನೋ ನೀಳಗೈಯ ಮನುಷ್ಯ, ನಿಂತಲ್ಲೇ ಹುಣಸೆಕಾಯಿ ಕೀಳುತ್ತಿದ್ದ. ಒಂದೊಂದು ಮೊಳಕ್ಕೂ ಬೆರಳಷ್ಟು ಹೆಚ್ಚಾಗಿ, ಹಿಂದಿನಿಂದ ಅಳೆಯುತ್ತ ಓಣಿಗೆ ಬರುವಷ್ಟರಲ್ಲಿ ಅದು ಗೇಣಾಗಿತ್ತು.

“ಯಜಮಾನ ಹೋದ ಮ್ಯಾಲೆ ಬ್ಯಾರೆ ಕೋಲು ಕಡಿಯೂನು ಅಂದ್ನಿರಿ,” ಎಂದ ಹುಚ್ಚೀರಪ್ಪ. “ಈ ಅವ್ವ ಕೇಳಲಿಲ್ಲ.”

ಹಂಪವ್ವ ತಾನು ಸದ್ಯಕ್ಕಿದ್ದ ಗುಡಿಸಲೊಳಗೆ ಹೋಗಿ ಆ ಕೋಲು ತಂದಳು. ಅದನ್ನು ಗಂಡನ ರುಮಾಲಿನಲ್ಲಿ ಸುತ್ತಿಟ್ಟಿದ್ದಳು.

“ಅವರದು ಅಂತ ಉಳಿದಿದ್ದು ಇದೊಂದ ನೋಡ್ರಿ, ಸಾಹೇಬ್ರ. ಅವರಂತೂ ಈ ಮನ್ಯಾಗ ಇರಲಿಲ್ಲ, ಅವರ ಅಳತಿನಾರ ಇರಲಿ ಅಂದೆ. ಕಡಿಮಿ ಮಾಡಬ್ಯಾಡ್ರಿ.”

ಒಂದು ಗೇಣಿಗೆ ಇಷ್ಟು ರಾದ್ಧಾಂತವೇ ಎಂದು ನಾನು ನಡುವೆ ಬಾಯಿ ಹಾಕಿದೆ. ಕನಕಪ್ಪ ನನ್ನ ಕಡೆ ತಿರುಗಿಯೂ ನೋಡದೆ ಅವಳಿಗೇ ಹೇಳಿದ.

“ಅವ್ವಾ, ಈ ಓಣ್ಯಾಗ ಚಕ್ಕಡಿ ದಾಟೂದ ಕಷ್ಟ ಐತಿ. ನೀವೊಂದು ಗೇಣು, ಎದುರಿನವರೊಂದು ಗೇಣು ಬಂದ್ರ, ನಾಳಿ ಯಾರಿಗರ ಆರಾಮ ಇಲ್ಲಂದ್ರ ದವಾಖಾನಿ ಜೀಪು ಒಳಗ ಬರೂದಿಲ್ಲ.”

ಗಾದಿಲಿಂಗಪ್ಪ ಹೇಗೆ ಹೋದನೆಂದು ಅವನಿಗೆ ಗೊತ್ತಿರಲಿಲ್ಲ; ಆಗಿನ್ನೂ ಅವನು ಈ ಊರಿಗೆ ಬಂದಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಗಾದಿಲಿಂಗಪ್ಪನಿಗೆ ಎದೆನೋವು ಬಂದ ದಿನ ಜೀಪು ಓಣಿಯ ಬಾಯಲ್ಲೇ ನಿಂತುಬಿಟ್ಟಿತ್ತು. ನಾವು ಅವನನ್ನು ಹೊರಸಿನ ಮೇಲೆ ಹೊತ್ತು ಓಡಿದೆವು. ಅವರಿವರ ಕಟ್ಟೆಗೆ ತಾಗಿ ಹೊರಸು ಮತ್ತೆಮತ್ತೆ ನಿಲ್ಲುತ್ತಿತ್ತು. ಜೀಪು ಮುಟ್ಟುವಷ್ಟರಲ್ಲಿ, ಹಂಪವ್ವ ಹಿಡಿದುಕೊಂಡಿದ್ದ ಆ ಉದ್ದನೆಯ ಕೈ ತಣ್ಣಗಾಗಿತ್ತು.

ಅವಳು ಗೋಡೆಯನ್ನೇ ನೋಡುತ್ತ ನಿಂತಳು.

“ಒಡಿಯಪಾ ಹುಚ್ಚೀರಪ್ಪ,” ಎಂದಳು ಕೊನೆಗೆ. “ಅವರ ಕೈ ಇನ್ನೊಬ್ಬರ ದಾರಿಗೆ ಅಡ್ಡ ಬರೂದು ಬ್ಯಾಡ.”

ಕೋಲನ್ನು ಮತ್ತೆ ರುಮಾಲಿನಲ್ಲಿ ಸುತ್ತತೊಡಗಿದಳು. ಎದುರುಮನೆಯ ತಾಜಬೀ ಕನಕಪ್ಪನ ಹತ್ತಿರ ಹೋಗಿ ಮೆಲ್ಲಗೆ ಎಲ್ಲ ಹೇಳಿದಳು. ಅವನ ಮುಖ ಸಣ್ಣದಾಯಿತು. ಹಿತ್ತಲಿಗೆ ಹೋದ, ನಾಲ್ಕೂ ಕಡೆ ನೋಡಿ ಬಂದ.

“ಹಿಂದ ಜಾಗ ಐತ್ರಿ,” ಎಂದ. “ಮುಂದಿನ ಗ್ವಾಡಿ ಎಷ್ಟು ಒಳಗ ತರ್ತೀವಿ, ಹಿಂದಿಂದು ಅಷ್ಟ ಹಿತ್ತಲಕ್ಕ ಸರಿಸೂನು. ಅಳತಿ ಅವರದ ಇರ್ತೈತಿ. ನಕ್ಷೆ ನಾನ ತಿದ್ದಿ ಕೊಡ್ತೀನಿ.”

ಓಣಿಯ ಗೆರೆಯನ್ನು ಮಾತ್ರ ಟೇಪು ಹಿಡಿದೇ ಹಾಕಿದ. ಅದರಲ್ಲಿ ಒಂದಿಂಚೂ ಬಿಡಲಿಲ್ಲ, ಟೇಪಪ್ಪನೇ ತಾನೆ. ಆಮೇಲೆ ಟೇಪನ್ನು ಕಿಸೆಗೆ ಹಾಕಿ ಕೋಲಿಗೆ ಕೈಚಾಚಿದ. ಡಿಪ್ಲೊಮಾದಲ್ಲಿ ಇದನ್ನು ಕಲಿಸಿರಲಿಕ್ಕಿಲ್ಲ.

“ಹಂಗಲ್ರಿ,” ಎಂದಳು ಹಂಪವ್ವ. “ಈ ಕಡೆ ಅವರ ಬೆರಳು. ಇದು ಮುಂದ ಇರಲಿ.”

ಅವನು ಕೋಲು ತಿರುಗಿಸಿ ಹಿಡಿದ. ಮಣ್ಣಿನಲ್ಲಿ ಮಂಡಿಯೂರಿ, ಓಣಿಯ ಗೆರೆಯಿಂದ ಒಳಕ್ಕೆ ಒಂದೊಂದೇ ಮೊಳ ಅಳೆಯುತ್ತ ಹೋದ. ಇಸ್ತ್ರಿಯ ಪ್ಯಾಂಟು ಕೆಸರಾದದ್ದು ಅವನಿಗೆ ತಿಳಿಯಲಿಲ್ಲ. ಹುಚ್ಚೀರಪ್ಪ ಹಿಂದೆಯೇ ಸುಣ್ಣ ಹಾಕುತ್ತ ಬಂದ. ಕೊನೆಯ ಮೊಳ ಹಿತ್ತಲಲ್ಲಿ ಮುಗಿಯಿತು.

ಹಂಪವ್ವ ಇನ್ನೂ ಓಣಿಯಲ್ಲೇ ನಿಂತಿದ್ದಳು.

“ಒಳಗ ಬಂದ್ರೇನ್ರಿ ನಮ್ಮವರು?” ಎಂದು ಅಲ್ಲಿಂದಲೇ ಕೇಳಿದಳು.

ಕನಕಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

“ಬಂದ್ರವ್ವಾ,” ಎಂದ. “ಪೂರಾ ಒಳಗ ಬಂದ್ರು.”