ಬೇವಿಗೆ ಮೆತ್ತಿದ ಹಳದಿ

ದಿಂಡಿಗಲ್ಲಿನಲ್ಲಿ ತೊಗಲು ಹದ ಮಾಡುವವರ ಪಾಪವೆಲ್ಲ ಪಕ್ಕದ ಬೇವಿನ ತೊಗಟೆಯ ಮೇಲೆ ಬಂದು ಕೂರುತ್ತದೆ ಎಂಬುದು ಜನನಿಯ ಎಂ.ಎಸ್ಸಿ. ಪ್ರಾಜೆಕ್ಟಿನ ಸಾರ. ಹಾರಿಬಂದ ಧೂಳನ್ನು ಒರಟು ತೊಗಟೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಕೆರೆದು ತಂದು ಲ್ಯಾಬಿನ ಯಂತ್ರಕ್ಕೆ ಕೊಟ್ಟರೆ ಯಾವ ಲೋಹ ಎಷ್ಟಿದೆ ಎಂದು ಚಾಡಿ ಹೇಳುತ್ತದೆ. ಹೋಲಿಸಿ ನೋಡಲು ಒಂದು ಶುದ್ಧ ಮರವೂ ಬೇಕಲ್ಲ? ಕಾರ್ಖಾನೆಯ ಗಾಳಿಯೇ ಸೋಕದ ತನ್ನೂರು ಗೂಡಲೂರಿಗೆ ಹೋಗಿ, ಮನೆಮುಂದಿನ ಬೇವನ್ನೇ ಕೆರೆದು ತಂದಿದ್ದಳು.

ಯಂತ್ರದ ಮಾತು ಕೇಳಿ ಗೈಡ್ ಮುತ್ತುಕುಮಾರ್ ಸಾರ್ ಕನ್ನಡಕ ಹಣೆಗೇರಿಸಿದರು. ತೊಗಲು ಹದಕ್ಕೆ ಹಾಕುವ ಕ್ರೋಮಿಯಂ ಕಾರ್ಖಾನೆಯ ಬೇವಿಗಿಂತ ಗೂಡಲೂರಿನ ಬೇವಿನಲ್ಲೇ ಹೆಚ್ಚು, ಕೊಸರಿಗೆ ಸೀಸ!

“ಪೊಟ್ಟಣ ಅದಲುಬದಲು ಮಾಡಿದ್ದೀಯಮ್ಮಾ. ಮುಂದಿನ ಸೋಮವಾರದೊಳಗೆ ಶುದ್ಧ ಮರ ತೋರಿಸು. ಇಲ್ಲದಿದ್ದರೆ ನನ್ನ ಸಹಿ ಇಲ್ಲ.”

ಸಹಿ ಇಲ್ಲದಿದ್ದರೆ ಈ ವರ್ಷ ಪದವಿಯೂ ಇಲ್ಲ. ಜನನಿ ಊರಿನ ಬಸ್ಸು ಹತ್ತಿ, ಉತ್ತಮಪಾಳಯಂ ದಾಟುವವರೆಗೂ ಸಾರ್ ದನಿಯಲ್ಲಿ ತನ್ನನ್ನು ತಾನೇ ಬೈದುಕೊಂಡಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೀಟು ಬದಲಾಯಿಸಿದಳು.

ಮನೆ ಮುಂದೆ ಅಜ್ಜಿ ಚೆಲ್ಲಮ್ಮಾಳ್ ಬೇವಿನ ಬುಡಕ್ಕೆ ಎರಡೂ ಕೈಯಲ್ಲಿ ಏನೋ ಬಳಿಯುತ್ತಿದ್ದಳು.

“ಅವ್ವಾ, ಏನ್ ಮಾಡ್ತಾ ಇದ್ದೀಯ?”

“ಏನ್ ನನ್ ಕಣ್ಣು, ಒಸ್ದಾಗಿ ಕೇಳ್ತೀಯ? ಮಾರಿಯಮ್ಮನ್ಗೆ ಅರಿಸ್ನ.”

ಜನನಿಯ ಚೀಲ ಜಾರಿ ಬಿತ್ತು. ಹುಟ್ಟಿದಾಗಿನಿಂದ ಆ ಹಳದಿ ಬುಡದ ಕೆಳಗೇ ಆಡಿ ಬೆಳೆದವಳು. ಕಾಗೆ ಯಾಕೆ ಕಪ್ಪು ಎಂದು ಯಾರಾದರೂ ಕೇಳುತ್ತಾರೆಯೇ? ಬೇವಿನ ಬುಡ ಹಳದಿ, ಅಷ್ಟೆ. ಅದನ್ನೇ ನೀಟಾಗಿ ಕೆರೆದು ಪೊಟ್ಟಣ ಕಟ್ಟಿದ್ದಳು!

“ಇದು ಯಾವ ಅರಿಸ್ನ?”

“ಅಂಗ್ಡೀದು. ನಾವು ತಿನ್ನೋದು ಮನೇಲಿ ಕುಟ್ಟಿದ್ದು, ಮಂಕಾಗಿರ್ತೈತೆ. ಸಾಮಿಗೆ ಮಿನುಗ್ಬೇಡ್ವಾ?”

ಮಿನುಗಿಗಾಗಿ ಅರಿಶಿನಕ್ಕೆ ಸೀಸ, ಕ್ರೋಮಿಯಂ ಇರುವ ಬಣ್ಣ ಬೆರೆಸುವವರಿದ್ದಾರೆಂದು ಜನನಿ ಓದಿದ್ದಳು. ನಗು ಉಕ್ಕಿ ಅಲ್ಲೇ ನೆಲಕ್ಕೆ ಕೂತಳು, ಕೂತಲ್ಲಿಂದಲೇ ವಿವರಿಸಿದಳು. ಅಜ್ಜಿ ಕೆನ್ನೆಗೆ ಕೈ ಹೊತ್ತಳು. ಕೆನ್ನೆಯೂ ಹಳದಿಯಾಯಿತು.

“ಅಡಿ ಪಾವಿ! ಆಗಾದ್ರೆ ಕಾರ್ಕಾನೆ ನಾನಾ?”

“ನೀನೇ. ಒಗೆ ಕೊಳ್ವೆಯೊಂದು ಇಲ್ಲ ಅಷ್ಟೆ. ಮೊದ್ಲು ಕೈ ತೊಳಿ, ಬೇರೆ ಮರ ಉಡುಕ್ಬೇಕು.”

ಸ್ಕೂಟರಿನ ಹಿಂದೆ ಅಜ್ಜಿಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದಳು. ಮೂಲೆಮನೆಯ ಬೇವು ಹಳದಿ. ಪಂಪ್‌ಸೆಟ್ಟಿನ ಬೇವು ಹಳದಿ, ಮೇಲೊಂದು ಸೀರೆ ಬೇರೆ. “ಇದೂ ತಾಯಿ, ಅದೂ ತಾಯಿ,” ಎಂದು ಅಜ್ಜಿ ಹಿಂದಿನಿಂದ ಕೈ ಮುಗಿಯುತ್ತಲೇ ಇದ್ದಳು.

“ಈ ಊರಲ್ಲಿ ಸುಮ್ನೆ ಮರವಾಗಿರೋ ಮರ ಒಂದೂ ಇಲ್ವಾ ಅವ್ವಾ?”

ಅಜ್ಜಿ ದನಿ ತಗ್ಗಿಸಿದಳು. “ಐತೆ. ಸಾರಾಯಿ ಅಂಗ್ಡಿ ಇಂದ್ಗಡೆ. ಅಲ್ಲಿಗೆ ಯಾವೋಳು ಓಗ್ತಾಳೆ ಅರಿಸ್ನ ತಕ್ಕೊಂಡು?”

ಅವಳೇ ಹೋದಳು, ಮೂಗಿಗೆ ಸೆರಗು ಹಿಡಿದು, ಮೊಮ್ಮಗಳಿಗಿಂತ ಮುಂದೆ. ಮರದಡಿಯಲ್ಲಿ ಲೋಟ ಹಿಡಿದು ಕೂತಿದ್ದ ಪಕ್ಕದ ಮನೆಯ ವೇಲು ಬೆಚ್ಚಿ ಎದ್ದ.

“ಚೆಲ್ಲಮ್ಮವ್ವಾ! ನೀವೂನಾ?”

“ನಾನಲ್ಲ ಕಣೋ, ನನ್ನ ಮೊಮ್ಮಗ್ಳು!”

ವೇಲು ಬಾಯಿ ತೆರೆದು ಜನನಿಯನ್ನು ನೋಡಿದ, ಅವಳ ಕೈಯ ಚಾಕು ನೋಡಿದ, ಲೋಟ ಬಿಟ್ಟು ತೆಂಗಿನ ತೋಟಕ್ಕೆ ಓಡಿದ.

ಕುಡುಕರ ಕೈ ಎಟುಕದಷ್ಟು ಎತ್ತರದಲ್ಲಿ, ಕಲ್ಲಿನ ಮೇಲೆ ನಿಂತು ಜನನಿ ಕೆರೆಯತೊಡಗಿದಳು. ಅಜ್ಜಿಯ ಬೆರಳು ಮೆಲ್ಲಗೆ ಸೊಂಟದ ಕುಂಕುಮದ ಪೊಟ್ಟಣಕ್ಕೆ ಹೋಯಿತು.

“ಅವ್ವಾ! ಕೈ ತೆಗಿ!”

“ಬೈಬೇಡ ಕಣ್ಣು. ದೂರದಿಂದ್ಲೇ ಕೈ ಮುಗ್ದು ಕುಂಬಿಡ್ತೀನಿ.”

ಸೋಮವಾರ ಯಂತ್ರ ಒಪ್ಪಿಕೊಂಡಿತು: ಹೊಸ ಬೇವು ಹಸುಗೂಸಿನಷ್ಟು ಶುದ್ಧ. ಜೊತೆಗೆ ತಂದಿದ್ದ ಅಂಗಡಿ ಅರಿಶಿನದಲ್ಲಿ ಸೀಸವೂ ಕ್ರೋಮಿಯಮ್ಮೂ ಕೈ ಕೈ ಹಿಡಿದು ಕೂತಿದ್ದವು.

“ಇದನ್ನೂ ಸೇರಿಸಮ್ಮಾ. ಪೂಜೆಯಿರುವ ಮರದ ತೊಗಟೆ ತೆಗೆಯಬಾರದು ಅಂತ,” ಎನ್ನುತ್ತ ಸಾರ್ ಪೆನ್ನು ತೆರೆದರು. “ಶುದ್ಧ ಮರ ಇರುವುದೆಲ್ಲಿ?”

“ಸಾರಾಯಿ ಅಂಗಡಿ ಹಿಂಭಾಗ, ಸಾರ್.”

ಸಾರ್ ಗಂಭೀರವಾಗಿರಲು ತುಂಬಾ ಪ್ರಯತ್ನಪಟ್ಟರು. ಆದರೆ ಹೊಟ್ಟೆ ಕುಲುಕಿ, ಮೇಜು ಅಲುಗಿ, ಅವರ ಪುಟ್ಟ ಸಹಿ ಕೊಕ್ಕರೆಯ ಕಾಲಿನಂತೆ ಪುಟದ ಅಂಚಿನವರೆಗೂ ಉದ್ದವಾಯಿತು.