ಆಚೆ ದಡದ ದರ

ಕಂಬಳಿಯನ್ನು ಇಬ್ಬರು ಎರಡೂ ತುದಿಗೆ ಹಿಡಿದು ಹಿಂಡಿದಷ್ಟೂ ಹೊಳೆಯ ನೀರು ಸುರಿಯುತ್ತಲೇ ಇತ್ತು. ಕುರಿ ಕಾಯುವವರ ವಾಡಿಕೆಯಂತೆ, ಅವನದೇ ಆ ಕಂಬಳಿ ಸುತ್ತದೆ ಮಾರಣ್ಣನನ್ನು ಮಣ್ಣಿಗಿಡುವಂತಿರಲಿಲ್ಲ.

"ಬಿಡ್ರೋ, ಬ್ಯಾರೇದು ತರ್ತೀನಿ," ಎಂದು ಎದ್ದ ತಮ್ಮ ಭೀಮಲಿಂಗಪ್ಪ ಹಾಗೇ ನಿಂತುಬಿಟ್ಟ. "ನಮ್ಮಣ್ಣ ಕಳ್ಳತನದಾಗ ಕುರಿ ದಾಟಿಸ್ತಿದ್ನಂತ. ನಮ್ಮಣ್ಣ! ಯಾರನ್ನೋ ನೋಡಿ ಯಾರೋ ಅಂದಿರಬೇಕು."

ಹೆಣ ಅವನ ಮುಂದೆಯೇ ಇತ್ತು.

ಹೊಳೆದಂಡೆಯ ಮಾಧವರ ಎಂಬ ಊರಿನ ಆ ಅಂಗಳದಲ್ಲಿ ಯಾರಿಗೂ ಅಳು ಬಂದಿರಲಿಲ್ಲ. ಹೆಂಡತಿ ಸುಂಕಮ್ಮ ಗಂಡನ ಕಾಲ್ಬೆರಳ ಸಂದಿಯ ಮರಳನ್ನು ಸೆರಗಿನಿಂದ ಒರೆಸುತ್ತಿದ್ದಳು. "ಮುಂಜಾನಿ ರೊಟ್ಟಿ ತಿಂದ. ಕುರಿ ಮೇಸಾಕ ಹೊಕ್ಕೀನಿ ಅಂದ." ಆಗಿನಿಂದ ಅದೊಂದನ್ನೇ ಹೇಳುತ್ತಿದ್ದಳು.

*

ಹಿಂದಿನ ತಿಂಗಳ ಮಾತು. ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಮಾಂಸ ಬೇಕೆಂದು ಸರ್ಕಾರದ ಹುಕುಂ ಬಂದಿತ್ತು. ಗೊತ್ತುಪಡಿಸಿದ ದರಕ್ಕೆ ಕುರಿಗಳನ್ನು ಸರ್ಕಾರ ನೇಮಿಸಿದ ಗುತ್ತಿಗೆದಾರನಿಗೇ ಕೊಡಬೇಕು. ಹೊಳೆಯಾಚೆ ನಿಜಾಮರ ಸೀಮೆಗೆ ಒಂದು ಮರಿಯೂ ಹೋಗಕೂಡದು. ಆಚೆ ದಡದಲ್ಲಿ ಎರಡರಷ್ಟು ಬೆಲೆ. ಕದ್ದು ದಾಟಿಸೋಣವೆಂದ ಊರವರಿಗೆ ಅಡ್ಡ ನಿಂತವನು ಮಾರಣ್ಣ.

"ಸರ್ಕಾರ ಹೇಳೈತಿ ಅಂದ್ರ ಅದರಾಗೊಂದು ನ್ಯಾಯ ಇರತೈತಿ. ಸಿಪಾಯಿಗೋಳು ಯಾರ ಮಕ್ಕಳು? ನಮ್ಮವರ ಅಲ್ಲೇನು?"

ಗಂಡನಿಲ್ಲದ ಹುಸೇನಮ್ಮನ ಮಗಳ ಮದುವೆ ಅವಳ ಹನ್ನೆರಡು ಕುರಿಗಳ ಮೇಲೆಯೇ ನಿಂತಿತ್ತು. "ನೀ ಹೂಂ ಅಂದ್ರ ಕೊಡತೀನಿ, ಮಾರಣ್ಣ," ಎಂದಳು.

ಅವನು ಹೂಂ ಅಂದ. ಎರಡು ದಿನ ನಡೆದು, ತಾನೇ ಅವನ್ನು ಆದೋನಿ ಪೇಟೆಗೆ ಹೊಡೆದುಕೊಂಡು ಹೋಗಿ ಗುತ್ತಿಗೆದಾರನಿಗೆ ಕೊಟ್ಟುಬಂದ. ಆ ದುಡ್ಡಿಗೆ ಮದುವೆ ಏಳಲಿಲ್ಲ. ಗಂಡಿನವರು ಬೇರೆ ಮನೆ ನೋಡಿಕೊಂಡರು.

*

ಹೆಣವನ್ನು ನೀರಿನಿಂದ ಎತ್ತಿ ತಂದಿದ್ದ ಹರಿಗೋಲಿನ ಓಬಳೇಶ ಅಂಗಳದ ಮೂಲೆಯಿಂದ ಬಾಯಿ ಬಿಟ್ಟ.

"ಮೊನ್ನಿ ಗುತ್ತಿಗೆದಾರನ ಮಂದಿ ಪರ್ಮಿಟ್ಟು ತೋರಿಸಿ, ನನ್ನ ಹರಿಗೋಲಿನಾಗ ಕುರಿ ಆಚಿ ದಡಕ್ಕ ಒಯ್ದ್ರು. ಹಾಡಹಗಲೇ. ದಡದಾಗಿದ್ದ ಮಾರಣ್ಣ ಕಿವಿಗೆ ಕೊಯ್ದ ಗುರ್ತು ನೋಡಿ, ಅವು ಹುಸೇನಮ್ಮನವು ಅಂತ ಪತ್ತೆ ಹಿಡದ. 'ಇವು ಸಿಪಾಯಿಗೋಳಿಗಲ್ಲೇನು?' ಅಂದ. ಅವರು ನಕ್ರು."

ಓಬಳೇಶ ಭೀಮಲಿಂಗಪ್ಪನ ಕಡೆ ತಿರುಗಿದ.

"ಇವತ್ತು ತನ್ನವು ಹನ್ನೆರಡು ಹೊಡಕೊಂಡು ಬಂದ. 'ಆಚಿ ದರಕ್ಕ ಮಾರಿ ಆಕಿಗೆ ಕೊಡಬೇಕು. ಹರಿಗೋಲು ಬ್ಯಾಡ, ನಿನ್ನ ಹಿಡದಾರು' ಅಂದು ನೀರಿಗಿಳದ. ನಡುಹೊಳಿಯಾಗ ಸೆಳವು ಇತ್ತು..."

ಬಾಗಿಲ ಬಳಿ ನಿಂತಿದ್ದ ಹುಸೇನಮ್ಮ ಸುಂಕಮ್ಮನ ಹತ್ತಿರ ಬಂದಳು. "ನಾ ಕೇಳಿರಲಿಲ್ಲವ್ವಾ! ಒಂದು ಮಾತೂ ಅಂದಿರಲಿಲ್ಲ!"

ಸುಂಕಮ್ಮ ತಲೆಯೆತ್ತಿದಳು. "ಕುರಿ?"

"ಎಲ್ಲಾ ಆಚಿ ದಡ ಮುಟ್ಯಾವ."

ಮಣ್ಣು ಮುಗಿಸಿ ಜನ ಕೈಕಾಲು ತೊಳೆಯಲು ಹೊಳೆಗೆ ಇಳಿದರು. ಹಿಂದೆ ಬಂದ ಸುಂಕಮ್ಮ ಆಚೆ ನೋಡಿದಳು. ದೂರದ ಮರಳಿನ ಮೇಲೆ ಹನ್ನೆರಡೂ ಒತ್ತಿಕೊಂಡು ನಿಂತಿದ್ದವು. ಅವಳಿಗೆ ತಿಳಿಯುವ ಮೊದಲೇ ಗಂಟಲಿನಿಂದ ಕುರಿ ಕರೆಯುವ ಕೂಗು ಹೊರಟಿತು.

ಮುಂದಿನ ಟಗರು ತಲೆಯೆತ್ತಿ, ಈಚೆ ದಡಕ್ಕೆ ಮರಳಲು ನೀರಿಗೆ ಕಾಲಿಟ್ಟಿತು.

ಸುಂಕಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.