ಕಾಗದದ ಸೇತುವೆಗೆ ಡಬಲ್ ಹೊಲಿಗೆ

ಮನೆಗೆ ಬಂದ ಪೇಪರನ್ನು ಪೂರ್ತಿ ಓದುವ ಭಾಗ್ಯ ಟೈಲರ್‌ಗೆ ಇತ್ತೀಚೆಗೆ ತಪ್ಪಿಹೋಗಿತ್ತು. ಹಾಳೆ ತಿರುವುವಷ್ಟರಲ್ಲಿ ಮಗಳು ಕಿತ್ತುಕೊಂಡು, ಮಡಚಿ, ಎರಡು ಸ್ಟೂಲುಗಳ ನಡುವೆ ಇಟ್ಟು, ಅದರ ಮೇಲೆ ಲೋಟ, ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೇರುತ್ತಿದ್ದಳು. ಎಲ್ಲವೂ ದಡಾರನೆ ಬೀಳುತ್ತಿದ್ದವು. ಅವಳು ಮತ್ತೆ ಮಡಚಲು ಕೂರುತ್ತಿದ್ದಳು. ಮನೆಯಲ್ಲಿ ನೆಗ್ಗದ ಲೋಟವೇ ಉಳಿದಿರಲಿಲ್ಲ.

"ಏನೇ ಇದು ಮನೆಹಾಳು ಆಟ?" ಎಂದು ಅವನು ಹೆಂಡತಿಯ ಮೇಲೆ ರೇಗಿದ.

"ಆಟ ಅಲ್ಲ ಕಣ್ರೀ. ಶಾಲೆಯಲ್ಲಿ ಪ್ರತಿ ಶನಿವಾರ ಏನಾದ್ರೂ ಕಟ್ಟಿಸ್ತಾರೆ. ಈ ಸಲ ಸ್ಪರ್ಧೆ. ಬರೀ ಪೇಪರ್, ದಾರ. ಅದ್ರಲ್ಲೇ ಸೇತುವೆ ಆಗ್ಬೇಕು, ಭಾರ ಹೊರ್ಬೇಕು."

"ಕಾಗದದಲ್ಲಿ ಸೇತುವೆನಾ? ನಾಳೆ ಕಾಗದದಲ್ಲಿ ಅಂಗಿ ಹೊಲಿದು ಕೊಡ್ತೀನಿ, ಹಾಕ್ಕೊಂಡು ಪೇಟೆಗೆ ಹೋಗ್ತೀಯಾ?"

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ಬಟ್ಟೆಗೆಂದು ಮಗಳ ವಿಜ್ಞಾನದ ಟೀಚರೇ ಬಂದರು. ಬಟ್ಟೆ ಇನ್ನೂ ಆಗಿರಲಿಲ್ಲ. ಅವರು ಬೈಯುವ ಮೊದಲೇ ಟೈಲರ್ ದೂರು ಶುರುಮಾಡಿದ. "ಮೇಡಂ, ಶನಿವಾರ ಟ್ಯೂಷನ್‌ಗೆ ಕಳಿಸಿದ್ರೆ ಇವಳಿಗೆ ನಾಲ್ಕು ಮಾರ್ಕ್ಸಾದ್ರೂ ಜಾಸ್ತಿ ಬರುತ್ತಲ್ವಾ?"

ಟೀಚರ್ ನಕ್ಕರು. "ಟೈಲರೇ, ನೀವು ಪುಸ್ತಕ ಓದಿ ಹೊಲಿಗೆ ಕಲಿತ್ರಾ? ಬಟ್ಟೆ ಕೆಡಿಸಿ ಕೆಡಿಸೇ ಅಲ್ವಾ ಕಲಿತಿದ್ದು? ಇದೂ ಹಾಗೇ. ಭಾರ ಎಲ್ಲಿ ಬೀಳುತ್ತೆ, ಯಾವ ಆಕಾರ ಅದನ್ನ ತಡ್ಕೊಳುತ್ತೆ ಅಂತ ಮಕ್ಕಳು ಕೈಯಾರೆ ಕಟ್ಟಿ ನೋಡ್ಬೇಕು. ಒಂದ್ಸಲ ಬಂದು ನೋಡಿ."

"ಬರ್ತೀನಿ. ಆದ್ರೆ ಸೇತುವೆ ಬಿತ್ತು ಅಂದ್ರೆ ಇವಳು ಟ್ಯೂಷನ್‌ಗೆ. ಅಷ್ಟೇ."

ಮಗಳ ಮುಖ ಬಾಡಿಹೋಯಿತು. ಶನಿವಾರ ಬಂತೆಂದರೆ ಸಾಕು, ಯಾರೂ ಎಬ್ಬಿಸದೆ ಏಳುತ್ತಿದ್ದ ಹುಡುಗಿ ಅವಳು.

ಸ್ಪರ್ಧೆಯ ದಿನ ಮಗಳು ಸ್ನಾನಕ್ಕೆ ಹೋದಾಗ ಟೈಲರ್ ಸೇತುವೆಯನ್ನು ಕೈಗೆತ್ತಿಕೊಂಡ. ನೆರಿಗೆ ನೆರಿಗೆಯಾಗಿ ಮಡಚಿದ ಉದ್ದನೆಯ ಕಾಗದ. ಎಷ್ಟಾದರೂ ಅಪ್ಪನ ಕರುಳು, ಬಾಯಲ್ಲಿ ಬೈದರೂ ಮಗಳು ಸೋಲುವುದು ಅವನಿಗೆ ಬೇಕಿರಲಿಲ್ಲ. ಬಟ್ಟೆಗೆ ಎಲ್ಲಿ ಎಳೆತ ಹೆಚ್ಚೋ ಅಲ್ಲಿ ಡಬಲ್ ಹೊಲಿಗೆ ಹಾಕುವುದು ಅವನ ಪದ್ಧತಿ. ಸೇತುವೆಗೆ ನಡುವಲ್ಲೇ ಅಲ್ಲವೇ ಎಳೆತ? ಕಾಗದದ ಬಣ್ಣಕ್ಕೆ ಹೊಂದುವ ದಾರ ಹುಡುಕಿ, ಮೆಷಿನ್‌ಗೆ ಕೊಟ್ಟು, ನಡುವಿಗೆ ಅಡ್ಡಲಾಗಿ ಕಟಕಟನೆ ಎರಡು ಸಾಲು ಹೊಡೆದ. ಮತ್ತೆ ನೀಟಾಗಿ ಚೀಲಕ್ಕೆ ಹಾಕಿಟ್ಟು, ಏನೂ ಅರಿಯದವನಂತೆ ಕಾಫಿ ಕುಡಿದ.

ಶಾಲೆಯಲ್ಲಿ ಮಗಳ ಸರದಿ ಬಂತು. ಎರಡು ಮೇಜುಗಳ ನಡುವೆ ಸೇತುವೆ ಇಟ್ಟು, ಮೊದಲನೇ ಮರಳಿನ ಚೀಲ ಇಟ್ಟಳು. ಪರ್ ಎಂದು ಸೇತುವೆ ಎರಡು ತುಂಡಾಯಿತು. ಅಂಚು ಕತ್ತರಿ ಹಾಕಿದಷ್ಟು ನೇರವಾಗಿತ್ತು.

ಮಗಳು ಅಳಲಿಲ್ಲ. ತುಂಡನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. "ಅಪ್ಪಾ, ಇದು ನಮ್ಮ ಮೆಷಿನ್ ಹೊಲಿಗೆ!"

ಇಡೀ ಕೋಣೆ ಟೈಲರ್ ಕಡೆ ತಿರುಗಿತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಗಟ್ಟಿ ಆಗ್ಲಿ ಅಂತ..." ಎಂದು ತೊದಲಿದ.

"ಸೂಜಿ ಸಾಲಾಗಿ ತೂತು ಹಾಕಿದೆ ಅಪ್ಪಾ. ತೂತಿನ ಸಾಲಲ್ಲೇ ಕಾಗದ ಹರಿಯುತ್ತೆ. ನೆರಿಗೆನೂ ಚಪ್ಪಟೆ ಆಗಿದೆ. ನೆರಿಗೆ ನಿಂತಿದ್ರೆ ತಾನೇ ಭಾರ ತಡ್ಕೊಳೋದು?"

ಟೀಚರ್ ಅವಳಿಗೆ ಹೊಸ ಕಾಗದ ಕೊಟ್ಟರು, ಟೈಲರ್‌ಗೆ ಒಂದು ಕುರ್ಚಿ ಕೊಟ್ಟರು. "ನೀವು ಇಲ್ಲೇ ಕೂತಿರಿ. ಕೈ ಮಾತ್ರ ಹಾಕ್ಬೇಡಿ."

ಮಗಳು ಕಾಗದವನ್ನು ಬಿಗಿಯಾಗಿ ಕೊಳವೆಗಳಾಗಿ ಸುತ್ತಿದಳು. ಕೊಳವೆಗಳನ್ನು ತ್ರಿಕೋನವಾಗಿ ಜೋಡಿಸಿ, ದಾರ ಕಟ್ಟಿದಳು. ಒಂದು ಗಂಟು ಸಡಿಲವಾಯಿತು. ಎದ್ದುಹೋಗಿ ಬಿಗಿಮಾಡಲು ಟೈಲರ್‌ನ ಕೈ ತುರಿಸುತ್ತಿತ್ತು. ಅವನು ಆ ಕೈಯ ಮೇಲೇ ಕುಳಿತುಬಿಟ್ಟ. ಅವಳೇ ನೋಡಿ, ಬಿಚ್ಚಿ, ಮತ್ತೆ ಕಟ್ಟಿದಳು.

ಚೀಲದ ಮೇಲೆ ಚೀಲ ಏರಿತು. ಸೇತುವೆ ಜಪ್ಪಯ್ಯ ಅನ್ನಲಿಲ್ಲ. ತಂದಿದ್ದ ಮರಳೆಲ್ಲ ಮುಗಿದು, ಟೀಚರ್ ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ತುಂಡನ್ನೇ ತಂದಿಟ್ಟಾಗ ಒಂದು ಮೂಲೆ ಬಾಗಿ ಎಲ್ಲವೂ ಕೆಳಗೆ ಬಿತ್ತು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು.

"ಬಿತ್ತಲ್ಲ ಮೇಡಂ, ಚಪ್ಪಾಳೆ ಯಾಕೆ?" ಎಂದ ಟೈಲರ್.

"ಎಲ್ಲಿ ಬಾಗಿತು ಅಂತ ಎಲ್ರೂ ಕಣ್ಣಾರೆ ನೋಡಿದ್ರಲ್ಲ! ಮುಂದಿನ ಸಲ ಆ ಮೂಲೆ ಗಟ್ಟಿ ಮಾಡ್ತಾರೆ. ಕಾಗದ ಬಿದ್ರೆ ಯಾರಿಗೂ ಪೆಟ್ಟಾಗಲ್ಲ. ನಾಳೆ ಇವರೇ ನಿಜವಾದ ಸೇತುವೆ ಕಟ್ಟೋರು."

ಮಗಳು ಅಪ್ಪನ ಹತ್ತಿರ ಬಂದು ತಲೆ ತಗ್ಗಿಸಿದಳು. "ಬಿದ್ದೋಯ್ತಪ್ಪಾ. ಶನಿವಾರ ಟ್ಯೂಷನ್‌ಗೆ ಹೋಗ್ಬೇಕಾ?"

ಟೈಲರ್ ಅವಳ ತಲೆ ಸವರಿದ. "ಟ್ಯೂಷನ್ ಬೇಕಿರೋದು ನಂಗೆ ಮಗಳೇ. ನೀನು ಇಲ್ಲಿಗೇ ಬಾ" ಎಂದ.

ಅಪ್ಪಂದಿರೇ, ಅಮ್ಮಂದಿರೇ, ಮಕ್ಕಳು ಕಟ್ಟಲು ಕೂತಾಗ ಹಳೇ ಕಾಗದ, ಕಡ್ಡಿ, ದಾರ ಕೊಡಿ. ನಿಮ್ಮ ಶಾಲೆಯಲ್ಲಿ ಇಂಥ ಸ್ಪರ್ಧೆ ಇದ್ದರೆ ಕಳಿಸಿ, ಇಲ್ಲದಿದ್ದರೆ ನಡೆಸಿ ಎಂದು ಕೇಳಿ. ಅವರ ಕೆಲಸವನ್ನು ನೀವು ಮಾಡಿಕೊಡಬೇಡಿ. ಕಟ್ಟಿದ್ದು ಬೀಳಲಿ. ಯಾಕೆ ಬಿತ್ತು ಎಂದು ಅವರನ್ನೇ ಕೇಳಿ, ಅವರು ಹೇಳಿ ಮುಗಿಸುವ ತನಕ ತಾಳ್ಮೆಯಿಂದ ಕೇಳಿಸಿಕೊಳ್ಳಿ.